ಮುಟ್ಟು ನಿಲ್ಲುವ ಕಾಲ: ಕೇಳಿದ್ದು ಯಾರು, ಹೇಳಿದ್ದು ಯಾರು?

1950ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯರು ಒಂದು ಪಟ್ಟಿ ಮಾಡಿದರು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಎಷ್ಟು ತೊಂದರೆ ಆಗುತ್ತಿದೆ ಅಂತ ಅಳೆಯೋದಕ್ಕೆ. ಅದಕ್ಕೆ ಕುಪ್ಪರ್‌ಮನ್ ಸೂಚ್ಯಂಕ ಅಂತ ಹೆಸರು. ಪಟ್ಟಿಯಲ್ಲಿ ಇದ್ದದ್ದು 11 ತೊಂದರೆಗಳು: ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು, ನಿದ್ದೆ ಬಾರದಿರುವುದು, ತಲೆನೋವು, ತಲೆಸುತ್ತು, ಕೀಲುನೋವು, ಎದೆ ಡವಗುಟ್ಟುವುದು, ಮೈಮೇಲೆ ಇರುವೆ ಹರಿದಂತಾಗುವುದು, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ. ಮೈ ಬಿಸಿಯಾಗುವುದರ ಅಂಕವನ್ನು 4ರಿಂದ ಗುಣಿಸಬೇಕು. ನಿದ್ದೆಗೇಡಿನ ಅಂಕವನ್ನು 2ರಿಂದ. ಕೀಲುನೋವಿಗೆ ಗುಣಾಕಾರವೇ ಇಲ್ಲ. ಎಲ್ಲ ಕೂಡಿದರೆ ಗರಿಷ್ಠ 51.

ಯಾಕೆ 4? ಯಾಕೆ 2? ಅದನ್ನು ಠರಾಯಿಸಿದ್ದು ವೈದ್ಯರು, ತಮ್ಮ ಕ್ಲಿನಿಕ್ಕಿನಲ್ಲಿ ಕಂಡದ್ದನ್ನು ನೋಡಿ. ವಾರಗಟ್ಟಲೆ ನಿದ್ದೆಯಿಲ್ಲದೆ ಒದ್ದಾಡಿದವರನ್ನು ಕೇಳಿದ್ದರೆ ಬೇರೆ ಲೆಕ್ಕ ಹೇಳುತ್ತಿದ್ದರೇನೋ. ಅದಕ್ಕಿಂತ ದೊಡ್ಡ ವಿಷಯ ಅಂದರೆ ಪಟ್ಟಿಯಲ್ಲಿ ಏನಿರಲಿಲ್ಲ ಅನ್ನೋದು. ಯೋನಿ ಒಣಗುವುದು ಇರಲಿಲ್ಲ. ಲೈಂಗಿಕ ಆಸೆಯಲ್ಲಿ ಆಗುವ ಬದಲಾವಣೆ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳುವವರಿಲ್ಲ, ಕೇಳದೇ ಇದ್ದದ್ದನ್ನು ಹೇಳುವವರಿಲ್ಲ. ಹೀಗೆ ಎಷ್ಟೋ ಅಧ್ಯಯನಗಳಲ್ಲಿ ಆ ತೊಂದರೆಗಳು ಇಲ್ಲವೇ ಇಲ್ಲ ಎಂಬಂತೆ ಆಯಿತು.

ಸಮುದಾಯ ಸಂಶೋಧನೆ ಅನ್ನುವ ಮಾತು ಬರುವುದು ಇಲ್ಲೇ. ಪ್ರಶ್ನೆ ಬರೆಯುವವರು, ಕೇಳುವವರು, ಬಂದ ಉತ್ತರಕ್ಕೆ ಅರ್ಥ ಹಚ್ಚುವವರು ಯಾರು ಅನ್ನೋದರ ಮೇಲೆ ನಮಗೆ ಗೊತ್ತಾಗುವ ಸಂಗತಿಯೂ ಬದಲಾಗುತ್ತದೆ. ಆ ಕೆಲಸಗಳಲ್ಲಿ ಅನುಭವಿಸುತ್ತಿರುವವರೇ ಕೈಹಾಕಿದರೆ ಏನಾಗುತ್ತದೆ, ಏನಾಗುವುದಿಲ್ಲ? ಅದನ್ನು ನೋಡುವ ಮೊದಲು ದೇಹದಲ್ಲಿ ನಡೆಯುವುದೇನು ಅಂತ ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು.

ಹಿಂತಿರುಗಿ ನೋಡಿದಾಗ ಮಾತ್ರ ಕಾಣುವ ದಿನ

ಒಂದಿಡೀ ವರ್ಷ, ಅಂದರೆ 12 ತಿಂಗಳು ಸತತವಾಗಿ ಮುಟ್ಟು ಬರದಿದ್ದರೆ, ಅದಕ್ಕೆ ಬೇರೆ ಕಾರಣವೂ ಇಲ್ಲದಿದ್ದರೆ, ಅದನ್ನು ಮೆನೋಪಾಸ್ ಅಥವಾ ಋತುಬಂಧ ಅನ್ನುತ್ತಾರೆ. ಹೆಚ್ಚಿನವರಲ್ಲಿ ಇದು 45ರಿಂದ 55ರ ನಡುವೆ ಆಗುತ್ತದೆ. 40ಕ್ಕೂ ಮೊದಲೇ ಅಂಡಾಶಯ ಕೆಲಸ ನಿಲ್ಲಿಸಿದರೆ ಅದು ಬೇರೆಯೇ ಸ್ಥಿತಿ, ಅದಕ್ಕೆ ಬೇರೆ ಚಿಕಿತ್ಸೆ, ಬೇರೆ ನಿಗಾ ಬೇಕು. ಎರಡೂ ಅಂಡಾಶಯ ತೆಗೆದವರಿಗೆ ಇದು ನಿಧಾನವಾಗಿ ಆಗುವುದಿಲ್ಲ, ಆಪರೇಷನ್ ಆದ ಬೆನ್ನಿಗೇ ಶುರು. ಕ್ಯಾನ್ಸರ್ ಚಿಕಿತ್ಸೆ ಪಡೆದ ಕೆಲವರಿಗೂ ಹಾಗೆಯೇ ಬೇಗನೆ ಎದುರಾಗುತ್ತದೆ.

ಮುಟ್ಟು ನಿಲ್ಲುವುದಕ್ಕೆ ಮುಂಚಿನ ಏರುಪೇರಿನ ವರ್ಷಗಳು ಮತ್ತು ಕೊನೆಯ ಮುಟ್ಟಿನ ನಂತರದ ಒಂದು ವರ್ಷ ಸೇರಿ ಪೆರಿಮೆನೋಪಾಸ್. ಇದನ್ನು ಗುರುತಿಸಲು ಸಂಶೋಧಕರು 2001ರಲ್ಲಿ ಒಂದು ಮಾನದಂಡ ಮಾಡಿದರು. 2011ರಲ್ಲಿ ಕೂತು ಅದನ್ನು ತಿದ್ದಿದರು. ಒಂದು ತಿಂಗಳಿಗೂ ಮುಂದಿನ ತಿಂಗಳಿಗೂ ಮುಟ್ಟಿನ ಅಂತರದಲ್ಲಿ 7 ದಿನ ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಪದೇಪದೇ ಬಂದರೆ ಆರಂಭದ ಹಂತ. 60 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮುಟ್ಟು ಬರದೇ ಹೋಗುವುದು ಶುರುವಾದರೆ ಕೊನೆಯ ಹಂತ.

ಈ ಸಮಯದಲ್ಲಿ ಅಂಡಾಶಯ ಮಾಡುವ ಈಸ್ಟ್ರೋಜನ್ ಎಂಬ ಹಾರ್ಮೋನ್ ಒಂದೇ ಸಮನೆ ಇಳಿಯುತ್ತಾ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಒಂದು ತಿಂಗಳು ಮೊದಲಿಗಿಂತ ಜಾಸ್ತಿ, ಮುಂದಿನ ತಿಂಗಳು ತೀರಾ ಕಡಿಮೆ. ಹಾಗಾಗಿಯೇ ಒಂದು ದಿನ ರಕ್ತ ಪರೀಕ್ಷೆ ಮಾಡಿಸಿ "ನಾರ್ಮಲ್ ಇದೆ" ಅಂತ ಬಂದರೆ ಅದಕ್ಕೆ ಹೆಚ್ಚು ಅರ್ಥವಿಲ್ಲ. 45 ದಾಟಿದವರಲ್ಲಿ ಲಕ್ಷಣ ಮತ್ತು ಮುಟ್ಟಿನ ಬದಲಾವಣೆ ನೋಡಿಯೇ ಗುರುತಿಸಿ, ಹಾರ್ಮೋನ್ ಪರೀಕ್ಷೆಯ ಮೇಲೆ ಅವಲಂಬಿಸಬೇಡಿ ಅಂತ ಚಿಕಿತ್ಸೆಯ ಮಾರ್ಗಸೂಚಿ ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲೇ ವೈದ್ಯರಿಗೆ ಹೇಳಿದೆ. ಯಂತ್ರಕ್ಕಿಂತ ಆಕೆಯ ಮಾತೇ ಇಲ್ಲಿ ಮುಖ್ಯವಾದ ಸಾಕ್ಷಿ.

ಇನ್ನೊಂದು ವಿಚಿತ್ರ ಗಮನಿಸಿ. ಕೊನೆಯ ಮುಟ್ಟು ಬಂದ ದಿನ ಅದು ಕೊನೆಯದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಒಂದು ವರ್ಷ ಕಳೆದ ಮೇಲೆ ಹಿಂತಿರುಗಿ ನೋಡಿ ಹೇಳಬೇಕು. ಹತ್ತು ತಿಂಗಳು ನಿಂತು ಮತ್ತೆ ಬಂದರೆ ಲೆಕ್ಕ ಮೊದಲಿನಿಂದ ಶುರು. ಆದ್ದರಿಂದ ಸಂಶೋಧನೆ ಮಾಡುವವರಿಗೆ ಇರುವ ದಾರಿ ಎರಡೇ. ಒಂದೋ ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು, ಇಲ್ಲವೇ ಅವರ ನೆನಪನ್ನು ನಂಬಬೇಕು. ಮೊದಲನೆಯದಕ್ಕೆ ದುಡ್ಡು ಮತ್ತು ತಾಳ್ಮೆ ಬೇಕು. ಎರಡನೆಯದರಲ್ಲಿ ತಪ್ಪುಗಳು ನುಸುಳುತ್ತವೆ.

ಕಾರ್ಡಿನ ಮೇಲಿನ ಗುರುತುಗಳು

ಹಿಂಬಾಲಿಸುವ ದಾರಿಯ ಹಳೆಯ ಉದಾಹರಣೆ ಒಂದು ನನಗೆ ಬಹಳ ಇಷ್ಟ. 1934ರಲ್ಲಿ ಅಮೆರಿಕದ ಮಿನಿಸೋಟಾ ವಿಶ್ವವಿದ್ಯಾಲಯದ ಅಲನ್ ಟ್ರೆಲೋರ್ ಅಲ್ಲಿನ ವಿದ್ಯಾರ್ಥಿನಿಯರಿಗೆ ಕ್ಯಾಲೆಂಡರ್ ಕಾರ್ಡು ಕೊಟ್ಟರು. ಮುಟ್ಟು ಶುರುವಾದ ದಿನ, ನಿಂತ ದಿನ ಗುರುತು ಹಾಕಿ ಕಳಿಸಿ ಅಂತ ಕೇಳಿಕೊಂಡರು. ಅಷ್ಟೇ ಕೆಲಸ. ಅವರಲ್ಲಿ ಅನೇಕರು ಓದು ಮುಗಿಸಿ, ಮದುವೆಯಾಗಿ, ಊರು ಬಿಟ್ಟು ಹೋದ ಮೇಲೂ ಕಾರ್ಡು ತುಂಬುತ್ತಲೇ ಇದ್ದರು. ಕೆಲವರ ಹೆಣ್ಣುಮಕ್ಕಳೂ ಮುಂದೆ ಸೇರಿಕೊಂಡರು. 1967ರಲ್ಲಿ ಬಂದ ವರದಿಯಲ್ಲಿ ಸುಮಾರು 2,700 ಜನರ ಎರಡೂ ಮುಕ್ಕಾಲು ಲಕ್ಷ ಮುಟ್ಟಿನ ಲೆಕ್ಕ ಇತ್ತು.

ಅದರಿಂದ ಗೊತ್ತಾದದ್ದೇನು? 28 ದಿನಕ್ಕೊಮ್ಮೆ ಅನ್ನುವ ಲೆಕ್ಕ ಹೆಚ್ಚಿನವರ ಮಟ್ಟಿಗೆ ಬರೀ ಪುಸ್ತಕದ ಮಾತು. ಮುಟ್ಟು ಶುರುವಾದ ಮೊದಲ ವರ್ಷಗಳಲ್ಲಿ ಮತ್ತು ನಿಲ್ಲುವ ಮುಂಚಿನ ವರ್ಷಗಳಲ್ಲಿ ಅಂತರ ತುಂಬಾ ಏರುಪೇರಾಗುತ್ತದೆ, ನಡುವಿನ ವರ್ಷಗಳಲ್ಲಿ ಮಾತ್ರ ಕೊಂಚ ಸ್ಥಿರ. ಈಗ ನಾವು ಪೆರಿಮೆನೋಪಾಸನ್ನು ಗುರುತಿಸುವ 7 ದಿನ, 60 ದಿನದ ಲೆಕ್ಕಗಳ ಹಿಂದೆ ಇಂಥ ಕಾರ್ಡುಗಳ ದುಡಿಮೆ ಇದೆ. ಪ್ರಯೋಗಾಲಯ ಬೇಕಿರಲಿಲ್ಲ. ತಮ್ಮ ಮೈಯನ್ನು ತಾವೇ ಗಮನಿಸಿ ಬರೆದಿಟ್ಟವರು ಬೇಕಿತ್ತು.

ಆದರೆ ಒಂದು ಮಾತು. ಕಾರ್ಡು ತುಂಬಿದವರೆಲ್ಲ ಒಂದು ವಿಶ್ವವಿದ್ಯಾಲಯದ ಓದಿದ ಹುಡುಗಿಯರು, ಬಹುತೇಕ ಬಿಳಿಯರು. ಕಾಲೇಜಿನ ಮೆಟ್ಟಿಲು ಹತ್ತದವರ ಕಾರ್ಡು ಅದರಲ್ಲಿ ಇಲ್ಲ.

ಕ್ಲಿನಿಕ್ಕಿನಿಂದ ಹೊರಗೆ

ವೈದ್ಯರ ಹತ್ತಿರ ಬಂದವರನ್ನಷ್ಟೇ ನೋಡಿ ಮೆನೋಪಾಸ್ ಬಗ್ಗೆ ತೀರ್ಮಾನಕ್ಕೆ ಬರುವುದು, ಗ್ಯಾರೇಜಿನಲ್ಲಿ ಕೂತು ಊರಿನ ಗಾಡಿಗಳೆಲ್ಲ ಕೆಟ್ಟಿವೆ ಅಂದ ಹಾಗೆ. ತೊಂದರೆ ಜೋರಾದವರು ಬರುತ್ತಾರೆ, ದುಡ್ಡು ಮತ್ತು ಬಿಡುವು ಇದ್ದವರು ಬರುತ್ತಾರೆ. ಉಳಿದವರ ಕಥೆ ಯಾರ ಫೈಲಿಗೂ ಸೇರುವುದಿಲ್ಲ.

ಇದನ್ನು ಸರಿಪಡಿಸಲು ಹೊರಟವರಲ್ಲಿ ಸಂಶೋಧಕರಾದ ಸೋಂಜಾ ಮೆಕಿನ್ಲೆ ಮತ್ತು ಜಾನ್ ಮೆಕಿನ್ಲೆ ಮುಖ್ಯರು. 1980ರ ದಶಕದಲ್ಲಿ ಅವರ ತಂಡ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆಸ್ಪತ್ರೆ ಬಿಟ್ಟು ಊರಿನ ಸಾಮಾನ್ಯ ಜನರಿಂದ 45ರಿಂದ 55 ವಯಸ್ಸಿನವರನ್ನು ಆರಿಸಿ, 2,570 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಮುಟ್ಟು ನಿಂತದ್ದರ ಬಗ್ಗೆ ಹೆಚ್ಚಿನವರಿಗೆ ಬೇಸರವೇನೂ ಇರಲಿಲ್ಲ. ಒಂದೋ ಸಮಾಧಾನ, ಇಲ್ಲವೇ ಏನೂ ಅನ್ನಿಸಿಲ್ಲ. ಪೆರಿಮೆನೋಪಾಸ್ ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸು ಇರುತ್ತದೆ ಅನ್ನುವ ಲೆಕ್ಕವೂ ಇಲ್ಲಿಂದಲೇ ಬಂತು.

ಈ ಫಲಿತಾಂಶ ಒಂದು ದೊಡ್ಡ ಭಯವನ್ನು ತೆಗೆಯಿತು. ಮುಟ್ಟು ನಿಂತರೆ ಹೆಂಗಸಿಗೆ ಬುದ್ಧಿ ನೆಟ್ಟಗಿರುವುದಿಲ್ಲ ಅನ್ನುವ ಹಳೆಯ ಮಾತಿಗೆ ಪುರಾವೆ ಸಿಗಲಿಲ್ಲ. ಅದೇ ಸಮಯಕ್ಕೆ ಇನ್ನೊಂದು ಅತಿಗೂ ದಾರಿಯಾಯಿತು, "ಹೆಚ್ಚಿನವರಿಗೆ ಏನೂ ಆಗಲ್ಲ, ನಿಮಗೇನು?" ಅಂತ. ಮುಂದಿನ ಅಧ್ಯಯನಗಳು ಅದನ್ನೂ ತಿದ್ದಿದವು. ಮುಟ್ಟು ನಿಲ್ಲುವುದಕ್ಕೆ ಮುಂಚಿನ ಏರುಪೇರಿನ ಕಾಲದಲ್ಲಿ ಖಿನ್ನತೆಯ ಲಕ್ಷಣಗಳ ಸಾಧ್ಯತೆ ನಿಜಕ್ಕೂ ಜಾಸ್ತಿ, ಹಿಂದೆ ಖಿನ್ನತೆ ಅನುಭವಿಸಿದವರಲ್ಲಿ ಇನ್ನೂ ಜಾಸ್ತಿ ಅಂತ ಕಂಡುಬಂತು.

ಇವೆಲ್ಲಕ್ಕಿಂತ ದೊಡ್ಡ ಹೆಜ್ಜೆ ಸ್ವಾನ್ ಎಂಬ ಅಧ್ಯಯನ. ಅಮೆರಿಕದ ಏಳು ಕಡೆ, 1996-97ರಲ್ಲಿ, 42ರಿಂದ 52 ವಯಸ್ಸಿನ 3,302 ಮಂದಿ ಸೇರಿದರು. ಬಿಳಿಯರು, ಕಪ್ಪು ವರ್ಣೀಯರು, ಹಿಸ್ಪಾನಿಕ್, ಚೀನೀ ಮತ್ತು ಜಪಾನೀ ಮೂಲದವರು. ಮೈ ಬಿಸಿಯಾಗುವುದು ಒಂದೆರಡು ವರ್ಷದ ಮಾತು ಅಂತ ವೈದ್ಯರು ಹೇಳುತ್ತಿದ್ದ ಕಾಲದಲ್ಲಿ ಈ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು. 2015ರಲ್ಲಿ ಪ್ರಕಟವಾದ ಲೆಕ್ಕದಂತೆ, ಪದೇಪದೇ ಮೈ ಬಿಸಿಯಾಗುವವರಲ್ಲಿ ಅದು ಇರುವ ಕಾಲದ ಮಧ್ಯಮ ಮೌಲ್ಯ 7.4 ವರ್ಷ. ಅಂದರೆ ಅರ್ಧದಷ್ಟು ಜನರಿಗೆ ಅದಕ್ಕಿಂತಲೂ ಹೆಚ್ಚು. ಕಪ್ಪು ವರ್ಣೀಯ ಮಹಿಳೆಯರಲ್ಲಿ 10.1 ವರ್ಷ, ಜಪಾನೀ ಮೂಲದವರಲ್ಲಿ 4.8. ಮುಟ್ಟು ಇನ್ನೂ ಬರುತ್ತಿರುವಾಗಲೇ ಶುರುವಾದವರಿಗೆ ಅದು ಹೆಚ್ಚು ವರ್ಷ ಕಾಡುತ್ತದೆ ಅಂತಲೂ ತಿಳಿಯಿತು. "ಇನ್ನೂ ಮುಟ್ಟು ನಿಂತಿಲ್ವಲ್ಲ, ಇದು ಮೆನೋಪಾಸ್ ಇರಲಿಕ್ಕಿಲ್ಲ" ಅಂತ ಹೇಳಿಸಿಕೊಂಡು ವಾಪಸಾದವರಿಗೆ ಈ ಒಂದು ಸಾಲು ಎಷ್ಟು ಮುಖ್ಯ ಅಲ್ವಾ?

ಸ್ವಾನ್‌ಗೂ ಒಂದು ಬಾಗಿಲು ಇತ್ತು. ಸೇರಬೇಕಾದರೆ ಗರ್ಭಕೋಶ ಇರಬೇಕು, ಒಂದಾದರೂ ಅಂಡಾಶಯ ಇರಬೇಕು, ಕಳೆದ ಮೂರು ತಿಂಗಳಲ್ಲಿ ಮುಟ್ಟು ಬಂದಿರಬೇಕು, ಹಾರ್ಮೋನ್ ತೆಗೆದುಕೊಳ್ಳುತ್ತಿರಬಾರದು. ಬದಲಾವಣೆಯನ್ನು ಮೊದಲಿಂದ ನೋಡಬೇಕು ಅನ್ನುವವರಿಗೆ ಇದು ಸರಿಯಾದ ನಿಯಮವೇ. ಆದರೆ 42ಕ್ಕೆ ಮೊದಲೇ ಮುಟ್ಟು ನಿಂತವರು, ಗರ್ಭಕೋಶ ತೆಗೆಸಿಕೊಂಡವರು ಬಾಗಿಲಲ್ಲೇ ಉಳಿದರು. ಕಷ್ಟದ ಬದುಕು ಇದ್ದವರಲ್ಲಿ ಇವೆರಡೂ ಜಾಸ್ತಿ ಆಗಿದ್ದರೆ, ಲೆಕ್ಕದಲ್ಲಿ ಅವರ ಪಾಲು ತಾನಾಗಿ ಕಡಿಮೆಯಾಗುತ್ತದೆ. ಸ್ವಾನ್ ಸಂಶೋಧಕರೇ ನಂತರ ಈ ಕೊರತೆಯನ್ನು ಲೆಕ್ಕ ಹಾಕಿ ನೋಡಿದ್ದಾರೆ. ಒಂದು ಅಧ್ಯಯನದ ಮೇಲೆ ನನಗೆ ನಂಬಿಕೆ ಬರುವುದು ಹೀಗೆ ತನ್ನ ಬಾಗಿಲನ್ನು ತಾನೇ ಅಳೆದಾಗ.

ಸಮುದಾಯದ ಮೇಲೆ, ಸಮುದಾಯದ ಜೊತೆ

ಮೆಕಿನ್ಲೆ ಮತ್ತು ಸ್ವಾನ್ ಅಧ್ಯಯನಗಳನ್ನು ಸಮುದಾಯ ಆಧಾರಿತ ಅಂತ ಕರೆಯುತ್ತಾರೆ. ಅಲ್ಲಿ ಆ ಮಾತಿನ ಅರ್ಥ, ಜನರನ್ನು ಆಸ್ಪತ್ರೆಯಿಂದಲ್ಲ, ಊರಿನಿಂದ ಆರಿಸಿದರು ಅಂತ. ಪ್ರಶ್ನೆ ಮಾತ್ರ ಸಂಶೋಧಕರದ್ದೇ. ಸಮುದಾಯ ಸಂಶೋಧನೆ ಅಂತ ಈಗ ಹೆಚ್ಚಾಗಿ ಹೇಳುವುದು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಪ್ರಶ್ನೆ ಏನಿರಬೇಕು ಅನ್ನೋದರಿಂದ ಹಿಡಿದು ಫಲಿತಾಂಶವನ್ನು ಯಾರಿಗೆ ಹೇಳಬೇಕು ಅನ್ನೋವರೆಗೆ ಅನುಭವ ಇರುವವರ ಪಾಲು ಇರುತ್ತದೆ. ಎರಡೂ ಬೇಕು. ಎರಡನ್ನೂ ಒಂದೇ ಅಂದುಕೊಂಡರೆ ಗೊಂದಲ.

ಪ್ರಶ್ನೆಯಿಂದ ಎಷ್ಟು ವ್ಯತ್ಯಾಸ ಆಗುತ್ತದೆ? 1980ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಲಾಕ್ ಜಪಾನಿನಲ್ಲಿ 45ರಿಂದ 55 ವಯಸ್ಸಿನ ಮಹಿಳೆಯರನ್ನು ಕೇಳಿದರು. ಕಳೆದ ಎರಡು ವಾರದಲ್ಲಿ ಮೈ ಬಿಸಿಯಾಗಿತ್ತಾ ಅಂದರೆ ಹೌದು ಅಂದವರು ನೂರಕ್ಕೆ ಸುಮಾರು 12. ಅದೇ ಪ್ರಶ್ನೆಗೆ ಮ್ಯಾಸಚೂಸೆಟ್ಸ್‌ನಲ್ಲಿ ಸುಮಾರು 35, ಕೆನಡಾದ ಮ್ಯಾನಿಟೋಬಾದಲ್ಲಿ 31. ಹಾಗಾದರೆ ಜಪಾನಿನವರಿಗೆ ತೊಂದರೆ ಕಡಿಮೆಯಾ? ಲಾಕ್ ಅಷ್ಟಕ್ಕೇ ನಿಲ್ಲಿಸಿದ್ದರೆ ಹಾಗೇ ಅಂದುಕೊಳ್ಳಬೇಕಿತ್ತು. ಅವರು ಮನೆಗಳಲ್ಲಿ ಕೂತು ಮಾತಾಡಿಸಿದರು, ಪಟ್ಟಿಯನ್ನು ಅಲ್ಲಿನ ಜನರ ಮಾತಿಗೆ ತಕ್ಕಂತೆ ಉದ್ದ ಮಾಡಿದರು. ಭುಜ ಬಿಗಿದುಕೊಳ್ಳುವುದು, ತಲೆನೋವು ಮೇಲಕ್ಕೆ ಬಂದವು. ಅಮೆರಿಕದ ಪಟ್ಟಿಗಳಲ್ಲಿ ಭುಜಕ್ಕೆ ಜಾಗವೇ ಇರಲಿಲ್ಲ.

ಇಲ್ಲಿ ದೇಹ ಬೇರೆಯಾ, ಬದುಕು ಬೇರೆಯಾ, ಅಥವಾ ಹೇಳುವ ರೀತಿ ಬೇರೆಯಾ ಅನ್ನುವ ಪ್ರಶ್ನೆ ಸುಲಭಕ್ಕೆ ಬಗೆಹರಿಯುವಂಥದ್ದಲ್ಲ. ಅದನ್ನು ಬಿಡಿಸಲು ಎದೆಯ ಮೇಲೆ ಚರ್ಮದ ಬೆವರನ್ನು ಅಳೆಯುವ ಸಣ್ಣ ಸಾಧನ ಅಂಟಿಸಿ ಅಧ್ಯಯನ ಮಾಡಿದವರೂ ಇದ್ದಾರೆ. ಅದನ್ನು ಹಾಕಿಕೊಂಡವರು ಮೈ ಬಿಸಿಯಾದಾಗೆಲ್ಲ ಗುಂಡಿ ಒತ್ತಬೇಕು. ಸಾಧನ ಗುರುತಿಸಿದ ಕೆಲವು ಸಲ ಜನರಿಗೆ ಏನೂ ಅನ್ನಿಸಿರಲಿಲ್ಲ. ಜನ ಗುಂಡಿ ಒತ್ತಿದ ಕೆಲವು ಸಲ ಸಾಧನಕ್ಕೆ ಏನೂ ಕಂಡಿರಲಿಲ್ಲ. ಯಾವುದು ನಿಜ? ಎರಡೂ. ಚರ್ಮದ ಬೆವರು ಒಂದು ಸಂಗತಿ, ಅದನ್ನು ಅನುಭವಿಸುವುದು ಇನ್ನೊಂದು ಸಂಗತಿ. ಚಿಕಿತ್ಸೆ ಬೇಕಾ ಬೇಡವಾ ಅಂತ ನಿರ್ಧರಿಸುವಾಗ ಎರಡನೆಯದೇ ಹೆಚ್ಚು ಬೇಕಾಗುತ್ತದೆ.

ಈ ತಿಳಿವಳಿಕೆ ಔಷಧ ಪ್ರಯೋಗಗಳಿಗೂ ಬಂತು. ದಿನಕ್ಕೆ ಎಷ್ಟು ಸಲ ಮೈ ಬಿಸಿಯಾಯಿತು ಅಂತ ಎಣಿಸುವುದು ಮೊದಲಿನ ಪದ್ಧತಿ. ಕಾಮಾ ಎಂಬ ಅಂತರರಾಷ್ಟ್ರೀಯ ತಂಡ ವೈದ್ಯರನ್ನು, ಸಂಶೋಧಕರನ್ನು, ಜೊತೆಗೆ ಈ ಹಂತ ದಾಟಿದವರನ್ನೂ ಕೇಳಿ, ಯಾವುದೇ ಚಿಕಿತ್ಸೆಯ ಪ್ರಯೋಗದಲ್ಲಿ ಅಳೆಯಲೇಬೇಕಾದ ಸಂಗತಿಗಳ ಪಟ್ಟಿಯನ್ನು 2021ರಲ್ಲಿ ಕೊಟ್ಟಿತು. ಎಷ್ಟು ಸಲ ಅನ್ನುವುದು ಅದರಲ್ಲಿ ಇದೆ. ಎಷ್ಟು ಕಾಡಿತು, ನಿದ್ದೆಗೆ ಏನಾಯಿತು, ಚಿಕಿತ್ಸೆಯಿಂದ ಆಕೆಗೆ ತೃಪ್ತಿ ಆಯಿತಾ ಅನ್ನುವುದೂ ಇದೆ. ಯೋನಿಯ ಒಣಗುವಿಕೆ, ಸಂಭೋಗದ ಸಮಯದ ನೋವು ಇವಕ್ಕೆ ಬೇರೆಯೇ ಪಟ್ಟಿ.

ಒಳಗೆ ಕೆಲಸ ನಡೆಯುವುದು ಹೇಗೆ

ಒಂದು ಸಮುದಾಯ ಸಂಶೋಧನೆಯ ಹೊಟ್ಟೆಯೊಳಗೆ ಹೊಕ್ಕು ನೋಡೋಣ. ಮೊದಲು ಒಂದು ಚಿಕ್ಕ ಗುಂಪು. ಅದರಲ್ಲಿ ಸಂಶೋಧನೆಯ ತರಬೇತಿ ಇದ್ದವರು ಒಬ್ಬಿಬ್ಬರು, ಉಳಿದವರು ಈ ವಯಸ್ಸಿನಲ್ಲಿ ಇರುವವರು ಅಥವಾ ದಾಟಿದವರು. ಇವರಲ್ಲಿ ಕೆಲವರು ಸಂದರ್ಶನ ಮಾಡುವುದನ್ನು, ಒಪ್ಪಿಗೆ ಪಡೆಯುವುದನ್ನು, ಹೇಳಿದ್ದನ್ನು ಗುಟ್ಟಾಗಿ ಇಡುವುದನ್ನು ಕಲಿತು ತಾವೇ ಸಂಶೋಧಕರಾಗುತ್ತಾರೆ. ತಮ್ಮಂಥವರ ಹತ್ತಿರ ಮಾತು ಬೇಗ ಬಿಚ್ಚಿಕೊಳ್ಳುತ್ತದೆ. ಬಿಳಿ ಕೋಟಿನವರ ಹತ್ತಿರ "ಪರವಾಗಿಲ್ಲ" ಅನ್ನುವವರು ಇವರ ಹತ್ತಿರ "ಅಯ್ಯೋ, ಕೇಳಬೇಡಿ" ಅಂತ ಶುರು ಮಾಡುತ್ತಾರೆ.

ಪ್ರಶ್ನೆ ಬರೆಯುವಾಗಲೇ ಇವರ ಬೆಲೆ ತಿಳಿಯುವುದು. "ನಿಮಗೆ ಹಾಟ್ ಫ್ಲಾಶ್ ಬರುತ್ತದೆಯೇ?" ಅಂತ ಬರೆದಿದ್ದರೆ ಅರ್ಧ ಜನ ಇಲ್ಲ ಅನ್ನುತ್ತಾರೆ, ಆ ಹೆಸರು ಗೊತ್ತಿಲ್ಲದ್ದಕ್ಕೆ. "ರಾತ್ರಿ ಇದ್ದಕ್ಕಿದ್ದಂತೆ ಸೆಕೆಯಾಗಿ ಹೊದಿಕೆ ಒದ್ದು ಎದ್ದು ಕೂರುತ್ತೀರಾ?" ಅಂದರೆ ಉತ್ತರ ಬದಲಾಗುತ್ತದೆ. "ಹೌದು, ಆದರೆ ಅದು ಸುಮ್ನೆ ಸೆಕೆ ಅಂದುಕೊಂಡಿದ್ದೆ" ಅಂತ. ಹಾಗಂತ ಪ್ರಶ್ನೆಯಲ್ಲೇ ಉತ್ತರ ತುರುಕಬಾರದು. "ಮೆನೋಪಾಸ್‌ನಿಂದ ನಿಮ್ಮ ಕೆಲಸ ಎಷ್ಟು ಹಾಳಾಯಿತು?" ಅಂತ ಕೇಳಿದರೆ ಹಾಳಾಗಿದೆ ಅಂತ ಮೊದಲೇ ಒಪ್ಪಿಕೊಂಡಂತೆ. "ಈ ಕಳೆದ ಒಂದು ವರ್ಷದಲ್ಲಿ ಕೆಲಸ ಹೇಗೆ ನಡೀತಿದೆ?" ಅಂತ ಕೇಳಿ ಸುಮ್ಮನೆ ಕಾಯುವುದು ಕಷ್ಟದ ಕೆಲಸ. ಆದರೆ ಅದೇ ಸರಿ.

ಮಾತಾಡಿಸುವುದು ಒಂದೇ ದಾರಿಯಲ್ಲ. ದಿನಚರಿ ಬರೆಸುತ್ತಾರೆ. ಮೈಯ ರೇಖಾಚಿತ್ರ ಕೊಟ್ಟು ಎಲ್ಲೆಲ್ಲಿ ಏನಾಗುತ್ತದೆ ಅಂತ ಬಣ್ಣ ಹಚ್ಚಿಸುತ್ತಾರೆ. ಕ್ಯಾಮೆರಾ ಕೊಟ್ಟು ತಮ್ಮ ದಿನವನ್ನು ತಾವೇ ಫೋಟೋ ತೆಗೆಯಲು ಹೇಳಿ, ಆ ಫೋಟೋ ಮುಂದಿಟ್ಟುಕೊಂಡು ಮಾತಾಡುವ ವಿಧಾನವೂ ಇದೆ. ಅದನ್ನು 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿಯ ಮಹಿಳೆಯರ ಜೊತೆ ರೂಪಿಸಿದರು. ಬಾಯಲ್ಲಿ ಹೇಳಲು ಮುಜುಗರ ಆಗುವ ವಿಷಯಕ್ಕೆ ಇಂಥ ದಾರಿಗಳು ಚೆನ್ನಾಗಿ ಒದಗುತ್ತವೆ.

ಮಾತೆಲ್ಲ ಸೇರಿದ ಮೇಲೆ ಅದನ್ನು ವಿಂಗಡಿಸಬೇಕು. ಉದಾಹರಣೆಗೆ ನಾನೇ ಕಟ್ಟಿದ ಒಂದು ವಾಕ್ಯ ತೆಗೆದುಕೊಳ್ಳಿ: "ಮೀಟಿಂಗ್‌ನಲ್ಲಿ ಜೊತೆಗೆ ಕೆಲಸ ಮಾಡೋಳ ಹೆಸರೇ ಬಾಯಿಗೆ ಬರಲಿಲ್ಲ. ಆಮೇಲಿಂದ ಮೀಟಿಂಗಲ್ಲಿ ಮಾತಾಡೋದೇ ಬಿಟ್ಟೆ." ಇದನ್ನು ಯಾವ ಗುಂಪಿಗೆ ಸೇರಿಸುತ್ತೀರಿ? ಮರೆವು ಅಂತ ಚೀಟಿ ಅಂಟಿಸಿ ಮುಂದೆ ಹೋಗಬಹುದು. ವೈದ್ಯರು ಬಹುಶಃ ಹಾಗೇ ಮಾಡುತ್ತಾರೆ. ಆದರೆ ಆಕೆಯ ವಾಕ್ಯದ ಭಾರ ಇರುವುದು ಎರಡನೇ ಅರ್ಧದಲ್ಲಿ. ಮರೆತದ್ದು ಒಂದು ಕ್ಷಣ, ಮಾತು ಬಿಟ್ಟದ್ದು ತಿಂಗಳುಗಟ್ಟಲೆ. ಅದೇ ಅನುಭವ ಇರುವವರು ವಿಂಗಡಿಸಲು ಕೂತರೆ "ನಾಚಿಕೆಯಿಂದ ಹಿಂದೆ ಸರಿಯುವುದು" ಅಂತ ಹೊಸ ಗುಂಪು ಹುಟ್ಟುತ್ತದೆ. ಮೂರ್ನಾಲ್ಕು ಜನ ಬೇರೆಬೇರೆಯಾಗಿ ಓದಿ, ಆಮೇಲೆ ಕೂತು ಜಗಳ ಆಡಿ ಒಪ್ಪಂದಕ್ಕೆ ಬರುವುದು ಒಳ್ಳೆಯ ಅಭ್ಯಾಸ. ಜಗಳ ಆಗದಿದ್ದರೆ ಯಾರೋ ಸರಿಯಾಗಿ ಓದಿಲ್ಲ ಅಂತಲೇ ನನ್ನ ಅನುಮಾನ.

ಮರೆವಿನ ವಿಷಯ ಬಂದದ್ದಕ್ಕೆ ಒಂದು ಮಾತು ಹೇಳಿಬಿಡುತ್ತೇನೆ. ತಲೆಗೆ ಮಂಜು ಕವಿದಂತೆ ಆಗುತ್ತದೆ, ಮಾತು ನೆನಪಾಗುವುದಿಲ್ಲ ಅಂತ ಹೆಂಗಸರು ಹೇಳಿದಾಗ ಅದನ್ನು ವಯಸ್ಸು, ಟೆನ್ಷನ್ ಅಂತ ತಳ್ಳಿಹಾಕುವುದೇ ವಾಡಿಕೆ. ಸ್ವಾನ್ ತಂಡ ಸಾವಿರಾರು ಜನರಿಗೆ ವರ್ಷಗಳ ಅಂತರದಲ್ಲಿ ಅದೇ ಪರೀಕ್ಷೆಗಳನ್ನು ಕೊಟ್ಟಿತು. ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದರೆ ಅಭ್ಯಾಸದಿಂದ ಅಂಕ ಏರಬೇಕು. ಮುಟ್ಟು ನಿಲ್ಲುವ ಮೊದಲಿನವರಲ್ಲಿ ಏರಿತು. ನಿಂತು ಹೋದವರಲ್ಲೂ ಏರಿತು. ನಡುವಿನ ಪೆರಿಮೆನೋಪಾಸ್ ಹಂತದವರಲ್ಲಿ ಆ ಏರಿಕೆ ಕಾಣಲಿಲ್ಲ. 2009ರಲ್ಲಿ ಇದು ಪ್ರಕಟವಾಯಿತು. ಹೆಂಗಸರು ಹೇಳುತ್ತಿದ್ದದ್ದು ಸುಳ್ಳಲ್ಲ, ಜೊತೆಗೆ ಅದು ಬಹುತೇಕ ತಾತ್ಕಾಲಿಕ. ಮೊದಲು ಜನರ ಮಾತು, ಆಮೇಲೆ ಅಳತೆ. ಈ ಕ್ರಮದಲ್ಲಿ ಬಂದ ಅರಿವು ಇದು.

ಏನನ್ನು ಹೇಳಲಾರದು

ಈಗ ಇನ್ನೊಂದು ಬದಿ. "ಬನ್ನಿ, ನಿಮ್ಮ ಅನುಭವ ಹೇಳಿ" ಅಂತ ಕರೆದರೆ ಬರುವವರು ಹೇಳಲು ಏನಾದರೂ ಇರುವವರು. ಅವರಲ್ಲಿ ನೂರಕ್ಕೆ 80 ಜನ ನಿದ್ದೆಯಿಲ್ಲ ಅಂದರೆ, ಊರಿನಲ್ಲಿ ನೂರಕ್ಕೆ 80 ಜನರಿಗೆ ನಿದ್ದೆಯಿಲ್ಲ ಅಂತ ಅರ್ಥವಲ್ಲ. ಎಷ್ಟು ಜನರಿಗೆ ಅನ್ನುವ ಪ್ರಶ್ನೆಗೆ ಚೀಟಿ ಎತ್ತಿದ ಹಾಗೆ ಆರಿಸಿದ ದೊಡ್ಡ ಅಧ್ಯಯನವೇ ಬೇಕು. ಹೇಗಿರುತ್ತದೆ, ಯಾಕೆ ಯಾರಿಗೂ ಹೇಳಲಿಲ್ಲ, ಏನು ಮಾಡಿದರೆ ಸಹಾಯ ಆಗುತ್ತಿತ್ತು ಅನ್ನುವ ಪ್ರಶ್ನೆಗಳಿಗೆ ಇಪ್ಪತ್ತು ಜನರ ಜೊತೆಗಿನ ಒಳ್ಳೆಯ ಮಾತುಕತೆ ಸಾಕಾಗಬಹುದು.

ಕಾರಣದ ವಿಷಯದಲ್ಲೂ ಎಚ್ಚರ ಬೇಕು. ಸುಸ್ತು, ಎದೆ ಡವಗುಟ್ಟುವುದು, ತೂಕದ ಏರುಪೇರು ಇವು ಥೈರಾಯ್ಡ್ ತೊಂದರೆಯಲ್ಲೂ ಇವೆ, ರಕ್ತಹೀನತೆಯಲ್ಲೂ ಇವೆ. ವಯಸ್ಸಾದ ಅಪ್ಪ ಅಮ್ಮ, ಬೆಳೆದ ಮಕ್ಕಳು, ಕೆಲಸ ಎಲ್ಲ ಒಟ್ಟಿಗೆ ಮೈಮೇಲೆ ಬೀಳುವ ವಯಸ್ಸೂ ಇದೇ. ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಿದರೆ ನಿಜವಾದ ಕಾಯಿಲೆ ತಪ್ಪಿಹೋಗಬಹುದು. ಅತಿಯಾದ ರಕ್ತಸ್ರಾವ ಅಥವಾ ಮುಟ್ಟು ನಿಂತು ಒಂದು ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಳ್ಳುವುದು ಯಾವ ಗುಂಪಿನಲ್ಲೂ ಚರ್ಚಿಸಿ ಬಿಡುವ ವಿಷಯವಲ್ಲ, ವೈದ್ಯರಿಗೆ ತೋರಿಸಲೇಬೇಕು.

ಚಿಕಿತ್ಸೆ ಕೆಲಸ ಮಾಡುತ್ತದಾ ಅನ್ನುವುದಕ್ಕೂ ಅನುಭವದ ಮಾತಷ್ಟೇ ಸಾಲದು. ಮೈ ಬಿಸಿಯಾಗುವುದು ತಾನಾಗಿ ಏರಿ ಇಳಿಯುವಂಥದ್ದು, ಔಷಧವೇ ಇಲ್ಲದ ಖಾಲಿ ಮಾತ್ರೆ ಕೊಟ್ಟರೂ ಗಣನೀಯವಾಗಿ ಇಳಿಯುವುದು ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ಎರಡು ಗುಂಪು ಮಾಡಿ ಹೋಲಿಸುವ ಪ್ರಯೋಗವೇ ಬೇಕು. ಆದರೆ ಅಂಥ ಪ್ರಯೋಗಕ್ಕೂ ಯಾರನ್ನು ಸೇರಿಸಿದಿರಿ ಅನ್ನುವ ಪ್ರಶ್ನೆ ತಪ್ಪಿದ್ದಲ್ಲ. 2002ರ ಜುಲೈನಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಯೋಜನೆಯಲ್ಲಿ ಕಡಿಮೆಯಾದ ಹಾರ್ಮೋನನ್ನು ಮಾತ್ರೆಯಾಗಿ ಕೊಡುವ ಹಾರ್ಮೋನ್ ಚಿಕಿತ್ಸೆಯ ಒಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000ಕ್ಕೆ 30 ಇದ್ದದ್ದು ಹಾರ್ಮೋನ್ ತೆಗೆದುಕೊಂಡವರಲ್ಲಿ 38 ಆಗಿತ್ತು. ಸುದ್ದಿ ಹಬ್ಬಿತು, ಲಕ್ಷಾಂತರ ಮಂದಿ ಮಾತ್ರೆ ನಿಲ್ಲಿಸಿದರು. ಆ ಪ್ರಯೋಗದಲ್ಲಿ ಇದ್ದ 16,608 ಜನರ ಸರಾಸರಿ ವಯಸ್ಸು 63. ಮೈ ಬಿಸಿಯಿಂದ ಒದ್ದಾಡಿ ಚಿಕಿತ್ಸೆ ಕೇಳಿಕೊಂಡು ಬರುವವರು ಹೆಚ್ಚಾಗಿ ಐವತ್ತರ ಆಸುಪಾಸಿನವರು. 60ರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದವರಿಗೆ ಲಾಭ ಮತ್ತು ಅಪಾಯದ ಲೆಕ್ಕ ಬೇರೆ ಅಂತ ನಂತರದ ವಿಶ್ಲೇಷಣೆಗಳು ಹೇಳಿದವು. ಅಷ್ಟರಲ್ಲಿ ವರ್ಷಗಳೇ ಕಳೆದಿದ್ದವು.

ಇನ್ನು ಮಾರಾಟದವರು. ಮೆನೋಪಾಸ್ ಈಗ ದೊಡ್ಡ ಮಾರುಕಟ್ಟೆ. ಮಾತ್ರೆ, ಕ್ರೀಮು, ಆ್ಯಪ್ ಮಾರುವವರೂ ಸರ್ವೆ ಮಾಡುತ್ತಾರೆ, ಅದಕ್ಕೂ ಸಮುದಾಯ ಅಂತ ಹೆಸರಿಡುತ್ತಾರೆ. ಲಕ್ಷಣಗಳ ಪಟ್ಟಿ ಉದ್ದವಾದಷ್ಟೂ ಗಿರಾಕಿಗಳು ಜಾಸ್ತಿ ಅನ್ನುವುದು ಮರೆಯಬಾರದು. ಕುಪ್ಪರ್‌ಮನ್ ಪಟ್ಟಿ ಚಿಕ್ಕದಾಗಿದ್ದದ್ದು ಒಂದು ತಪ್ಪಾದರೆ, ಕೂದಲು ಉದುರಿದರೂ ಮೆನೋಪಾಸ್, ಉಗುರು ಮುರಿದರೂ ಮೆನೋಪಾಸ್ ಅನ್ನುವುದು ಇನ್ನೊಂದು.

ಯಾರ ದನಿ ಇನ್ನೂ ಸೇರಿಲ್ಲ ಅನ್ನುವುದೂ ಇದೆ. ಇಪ್ಪತ್ತೈದು, ಮೂವತ್ತಕ್ಕೇ ಮುಟ್ಟು ನಿಂತವರು ಐವತ್ತರವರ ಗುಂಪಿನಲ್ಲಿ ಕೂತರೆ ಮಾತೇ ಹೊಂದುವುದಿಲ್ಲ. ಅವರ ಚಿಂತೆ ಮಗು ಆಗುತ್ತದೋ ಇಲ್ಲವೋ ಅನ್ನುವುದು. ಹುಟ್ಟಿದಾಗ ಹೆಣ್ಣು ಅನ್ನಿಸಿಕೊಂಡು ಗಂಡಾಗಿ ಬದುಕುವ ಟ್ರಾನ್ಸ್ ಪುರುಷರಿಗೂ ಅಂಡಾಶಯ ಇರಬಹುದು, ಈ ಅನುಭವ ಇರಬಹುದು. ಹೆಂಗಸರ ಗುಂಪು ಅಂತ ಬೋರ್ಡು ಹಾಕಿದ ಕೋಣೆಗೆ ಅವರು ಬರುವುದು ಕಷ್ಟ. ರಾತ್ರಿ ಪಾಳಿಯವರಿಗೆ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಸಂಜೆ ಐದರ ಸಭೆಗೆ ಬರಲು ಆಗುವುದಿಲ್ಲ. ಸಮಯ, ಜಾಗ, ಓಡಾಟದ ಖರ್ಚು ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಆದರೆ ಯಾರ ಅನುಭವ ದಾಖಲಾಗುತ್ತದೆ ಅನ್ನುವುದನ್ನು ಬಹಳಷ್ಟು ಸಲ ಠರಾಯಿಸುವುದು ಇವೇ.

ನಿಮ್ಮನ್ನೂ ಯಾರಾದರೂ ಇಂಥ ಸಂಶೋಧನೆಗೆ ಕರೆದರೆ ಮುಜುಗರ ಪಡದೆ ಕೆಲವು ವಿಷಯ ಕೇಳಿ. ದುಡ್ಡು ಕೊಡುತ್ತಿರುವುದು ಯಾರು? ಸಂಶೋಧನೆಯಿಂದ ಯಾರಿಗೂ ಅನ್ಯಾಯ ಆಗದಂತೆ ನೋಡುವ ನೀತಿ ಸಮಿತಿಯ ಒಪ್ಪಿಗೆ ಸಿಕ್ಕಿದೆಯಾ? ನನ್ನ ದನಿಯ ರೆಕಾರ್ಡಿಂಗ್ ಎಲ್ಲಿ ಇಡುತ್ತೀರಿ, ಯಾವಾಗ ಅಳಿಸುತ್ತೀರಿ? ಗುಂಪಿನಲ್ಲಿ ನನ್ನ ಪರಿಚಯದವರೇ ಇದ್ದರೆ ಒಬ್ಬಳೇ ಮಾತಾಡಬಹುದಾ? ಚಿಕ್ಕ ಜಾಗದಲ್ಲಿ ಹೆಸರು ಬದಲಿಸಿದರೂ ಗುರುತು ಸಿಕ್ಕಿಬಿಡುತ್ತದೆ, ಅದಕ್ಕೇ ಈ ಪ್ರಶ್ನೆ. ವರದಿ ಅಚ್ಚಾಗುವ ಮೊದಲು ನಾನು ಹೇಳಿದ್ದನ್ನು ನನಗೆ ತೋರಿಸುತ್ತೀರಾ? ಮನಸ್ಸು ಬದಲಾದರೆ ಹಿಂದೆ ಸರಿಯಬಹುದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮಾತುಗಳನ್ನೆಲ್ಲ ಸೇರಿಸಿ ವಿಂಗಡಿಸಿದ ಮೇಲೆ ಒಬ್ಬರದ್ದನ್ನು ಹೊರಗೆ ತೆಗೆಯುವುದು ಆಗದ ಕೆಲಸ. ಆದ್ದರಿಂದ ಯಾವ ತಾರೀಕಿನವರೆಗೆ ಹಿಂದೆ ಸರಿಯಬಹುದು ಅನ್ನುವುದನ್ನು ಒಪ್ಪಿಗೆ ಪತ್ರದಲ್ಲಿ ಬರೆಸಿಕೊಂಡೇ ಸಹಿ ಹಾಕಿ.